ರಾತ್ರಿಯೇ ಇಲ್ಲದ ಕಂಪ್ಯೂಟರಿಗೆ ಬ್ಯಾಕಪ್ ಯಾವಾಗ?

2025ರ ಸೆಪ್ಟೆಂಬರ್ 26ರ ರಾತ್ರಿ ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿರುವ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಲಿಥಿಯಂ ಬ್ಯಾಟರಿಗಳಿಂದ ಶುರುವಾದ ಬೆಂಕಿ ಆರುವ ಹೊತ್ತಿಗೆ ಮರುದಿನವಾಗಿತ್ತು. 600ಕ್ಕೂ ಹೆಚ್ಚು ಸರ್ಕಾರಿ ಆನ್‌ಲೈನ್ ವ್ಯವಸ್ಥೆಗಳು ಸ್ಥಗಿತಗೊಂಡವು. ಅವುಗಳಲ್ಲಿ ಬಹುಪಾಲನ್ನು ಹಂತಹಂತವಾಗಿ ಮತ್ತೆ ಶುರು ಮಾಡಲು ಸಾಧ್ಯವಾಯಿತು. ಆದರೆ ಸರ್ಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ 'ಜಿ-ಡ್ರೈವ್' ಎಂಬ ಸಂಗ್ರಹ ಪೂರ್ತಿ ಸುಟ್ಟುಹೋಯಿತು. ಅದರಲ್ಲಿದ್ದ ಮಾಹಿತಿ 858 ಟೆರಾಬೈಟ್. ಹೊರಗೆ ಬೇರೆಲ್ಲೂ ಅದರ ಪ್ರತಿ ಇರಲಿಲ್ಲ. ಅಷ್ಟು ದೊಡ್ಡ ಸಂಗ್ರಹಕ್ಕೆ ಹೊರಗಡೆ ಬ್ಯಾಕಪ್ ಇಡುವುದು ಆಗಿರಲಿಲ್ಲ ಎಂಬುದು ಅಧಿಕಾರಿಗಳು ಕೊಟ್ಟ ಕಾರಣ.

ಈ ಸುದ್ದಿ ಬಂದ ವಾರ ಪುಣೆಯ ನಮ್ಮ ಆಫೀಸಿನಲ್ಲೂ ಮೇಲಿನವರು ಕೆಳಗಿನವರನ್ನು ಕೇಳಿದ್ದು ಒಂದೇ ಪ್ರಶ್ನೆ: "ನಮ್ಮಲ್ಲಿ ಬ್ಯಾಕಪ್ ಆಗ್ತಿದೆ ತಾನೆ?" ಉತ್ತರವೂ ಒಂದೇ: "ದಿನಾ ಆಗ್ತಿದೆ ಸರ್." ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಸಮಾಧಾನ. ಹತ್ತು ವರ್ಷಗಳಿಂದ ವ್ಯಾಪಾರಿ ಸಂಸ್ಥೆಗಳ ಸರ್ವರ್‌ಗಳ ನಡುವೆ ಕೆಲಸ ಮಾಡುತ್ತಿರುವ ನನಗೆ ಈಗ ಈ ಸಮಾಧಾನದ ಬಗ್ಗೆಯೇ ಭಯ. ಕೊರಿಯಾದಲ್ಲಿ ಪ್ರತಿಯೇ ಇರಲಿಲ್ಲ, ಅದು ಕಣ್ಣಿಗೆ ಕಾಣುವ ತಪ್ಪು. ನಮ್ಮ ಬಹಳಷ್ಟು ಕಡೆ ಪ್ರತಿ ಇದೆ. ಆದರೆ ಅದು ಯಾವ ಕ್ಷಣದ ಪ್ರತಿ, ಅದನ್ನು ತೆರೆದರೆ ಲೆಕ್ಕ ತಾಳೆಯಾಗುತ್ತದೆಯೇ ಎಂಬುದು ಗೊತ್ತಿಲ್ಲ.

ಬಾಗಿಲು ಹಾಕದ ಅಂಗಡಿ

ಮೊದಲು ಬ್ಯಾಕಪ್ ಸುಲಭವಾಗಿತ್ತು. ಸಂಜೆ ಕೌಂಟರ್ ಮುಚ್ಚಿದ ಮೇಲೆ ಆಪರೇಟರ್ ಎಲ್ಲರನ್ನೂ ಕಂಪ್ಯೂಟರಿನಿಂದ ಹೊರಗೆ ಕಳಿಸುತ್ತಿದ್ದ. ಟೇಪ್ ಹಾಕಿ, ಎರಡು ಮೂರು ಗಂಟೆ ಕಾದು, ಟೇಪ್ ತೆಗೆದು ಬೀರುವಿನಲ್ಲಿಟ್ಟು, ರಿಜಿಸ್ಟರಿನಲ್ಲಿ ಸಹಿ ಮಾಡುತ್ತಿದ್ದ. ಅಂಗಡಿ ಬಾಗಿಲು ಹಾಕಿ ಲೆಕ್ಕ ನೋಡಿದ ಹಾಗೆ. ಯಾರೂ ಏನನ್ನೂ ಬದಲಿಸುತ್ತಿಲ್ಲವಾದ್ದರಿಂದ ತೆಗೆದ ಪ್ರತಿ ಒಂದೇ ಕ್ಷಣದ್ದಾಗಿರುತ್ತಿತ್ತು.

ಆ ರಾತ್ರಿ ಈಗ ಇಲ್ಲ. ನಮ್ಮ ದೇಶದಲ್ಲಿ ನೆಫ್ಟ್ ದಿನದ 24 ಗಂಟೆಯೂ ನಡೆಯಲು ಶುರುವಾದದ್ದು 2019ರ ಡಿಸೆಂಬರ್ 16ರಿಂದ. ಆರ್‌ಟಿಜಿಎಸ್ 2020ರ ಡಿಸೆಂಬರ್ 14ರಿಂದ. ಯುಪಿಐ ವಹಿವಾಟುಗಳ ಸಂಖ್ಯೆ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿ ದಾಟಿತು. ದುಡ್ಡು ರಾತ್ರಿ ಹರಿಯುತ್ತದೆ ಎಂದಾದರೆ ಆರ್ಡರ್, ಸ್ಟಾಕ್, ಬಿಲ್ಲು ಎಲ್ಲವೂ ರಾತ್ರಿ ಹರಿಯುತ್ತವೆ. ಇನ್ನು ಪುಣೆ, ಚೆನ್ನೈ, ಹೈದರಾಬಾದಿನಲ್ಲಿ ಕೂತು ಹೊರದೇಶದ ಕಂಪನಿಗಳ ಸರ್ವರ್ ನೋಡಿಕೊಳ್ಳುವ ನಮ್ಮಂಥವರಿಂದಲೂ ಆ ರಾತ್ರಿ ಸವೆದಿದೆ. ನ್ಯೂಯಾರ್ಕಿನಲ್ಲಿ ರಾತ್ರಿ ಒಂದು ಗಂಟೆ ಎಂದರೆ ನಮಗೆ ಬೆಳಿಗ್ಗೆ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಅಲ್ಲಿಯವರು ಮಲಗಿದಾಗ ನಾವು ಅದೇ ಯಂತ್ರದಲ್ಲಿ ಕೆಲಸ ಶುರು ಮಾಡಿರುತ್ತೇವೆ.

ಹಾಗಾಗಿ ಇವತ್ತಿನ ಬಹುತೇಕ ಬ್ಯಾಕಪ್‌ಗಳು ಯಂತ್ರ ಓಡುತ್ತಿರುವಾಗಲೇ ನಡೆಯುತ್ತವೆ. ತೊಡಕು ಇರುವುದು ಅಲ್ಲೇ.

ಕಿರ್ದಿ ಒಂದು ಗಂಟೆಯದು, ಖಾತೆ ಇನ್ನೊಂದು ಗಂಟೆಯದು

ಹಳೆಯ ಮಂಡಿಯೊಂದನ್ನು ನೆನೆದುಕೊಳ್ಳಿ. ಗುಮಾಸ್ತರು ಮಾರಾಟವನ್ನು ಮೊದಲು ರೋಜು ಕಿರ್ದಿಯಲ್ಲಿ ಬರೆಯುತ್ತಾರೆ, ಆಮೇಲೆ ಆಯಾ ಗಿರಾಕಿಯ ಹೆಸರಿನ ಖಾತೆ ಪುಸ್ತಕಕ್ಕೆ ಏರಿಸುತ್ತಾರೆ. ಅವರು ಬರೆಯುತ್ತಿರುವಾಗಲೇ ನೀವು ಎರಡೂ ಪುಸ್ತಕಗಳ ಜೆರಾಕ್ಸ್ ತೆಗೆಯಬೇಕು. ಕಿರ್ದಿಯ ಜೆರಾಕ್ಸ್ ಹತ್ತು ಗಂಟೆಗೆ ಮುಗಿಯಿತು, ಖಾತೆ ಪುಸ್ತಕದ್ದು ಹತ್ತೂಕಾಲಿಗೆ. ನಡುವಿನ ಹದಿನೈದು ನಿಮಿಷದಲ್ಲಿ ನಡೆದ ಮಾರಾಟ ಖಾತೆಯ ಪ್ರತಿಯಲ್ಲಿದೆ, ಕಿರ್ದಿಯ ಪ್ರತಿಯಲ್ಲಿಲ್ಲ. ಎರಡೂ ಪ್ರತಿಗಳು ಸ್ವಚ್ಛವಾಗಿವೆ, ಒಂದು ಹಾಳೆಯೂ ಕಳೆದಿಲ್ಲ. ಆದರೂ ಲೆಕ್ಕ ಕೂಡುವುದಿಲ್ಲ. ಮೂಲ ಪುಸ್ತಕಗಳು ಸುಟ್ಟುಹೋದ ದಿನವೇ ಇದು ಗೊತ್ತಾಗುವುದು.

ಈ ತೊಡಕಿಗೆ ಬಹಳ ಹಿಂದೆಯೇ ಒಳ್ಳೆಯ ಪರಿಹಾರ ಕಂಡುಕೊಂಡ ಯಂತ್ರಗಳಲ್ಲಿ ಐಬಿಎಂನ ಎಎಸ್/400 ಒಂದು. ಅಮೆರಿಕದ ಮಿನ್ನೆಸೋಟ ರಾಜ್ಯದ ರೋಚೆಸ್ಟರ್‌ನಲ್ಲಿ ರೂಪುಗೊಂಡು 1988ರ ಜೂನ್ 21ರಂದು ಬಿಡುಗಡೆಯಾದ ಮಧ್ಯಮ ಗಾತ್ರದ ವ್ಯಾಪಾರಿ ಕಂಪ್ಯೂಟರ್ ಇದು. ಹೆಸರು ಹಲವು ಸಲ ಬದಲಾಗಿ ಈಗ 'ಐಬಿಎಂ ಐ' ಎಂದಾಗಿದೆ. 2025ರ ಏಪ್ರಿಲ್‌ನಲ್ಲಿ ಅದರ 7.6ನೇ ಆವೃತ್ತಿ ಬಂತು. ಹಸಿರು ಅಕ್ಷರಗಳ ಕಪ್ಪು ಪರದೆ ನೋಡಿ ಹೊಸ ಹುಡುಗರು ನಗುತ್ತಾರೆ. ಆದರೆ ವಿಮೆ, ಬ್ಯಾಂಕಿಂಗ್, ಸಗಟು ವ್ಯಾಪಾರ, ಸಾಗಣೆ ಕ್ಷೇತ್ರಗಳಲ್ಲಿ ಅದು ಇಂದಿಗೂ ದುಡಿಯುತ್ತಿದೆ. ಅದನ್ನು ನೋಡಿಕೊಳ್ಳುವ ಕೆಲಸದಲ್ಲಿ ನಮ್ಮ ಕನ್ನಡಿಗರೂ ಸಾಕಷ್ಟು ಜನ ಇದ್ದಾರೆ.

ಅದರಲ್ಲಿ 'ಸೇವ್ ವೈಲ್ ಆ್ಯಕ್ಟಿವ್' ಎಂಬ ಸೌಲಭ್ಯವಿದೆ. ಕೆಲಸ ನಡೆಯುತ್ತಿರುವಾಗಲೇ ಪ್ರತಿ ತೆಗೆಯುವುದು ಎಂದರ್ಥ. ಅದು ಹೀಗೆ ನಡೆಯುತ್ತದೆ: ಮೊದಲು ವ್ಯವಸ್ಥೆ ಪ್ರತಿ ತೆಗೆಯಬೇಕಾದ ಫೈಲುಗಳನ್ನೆಲ್ಲ ಒಂದು ಕ್ಷಣಕ್ಕೆ ತಂದು ನಿಲ್ಲಿಸುತ್ತದೆ. ಇದಕ್ಕೆ ಚೆಕ್‌ಪಾಯಿಂಟ್ ಎನ್ನುತ್ತಾರೆ. ಆ ಕ್ಷಣ ದಾಟಿದ ಕೂಡಲೇ ಎಲ್ಲರಿಗೂ ಕೆಲಸ ಮುಂದುವರಿಸಲು ಬಿಡುತ್ತದೆ. ಆಮೇಲೆ ಯಾರಾದರೂ ಇನ್ನೂ ಟೇಪಿಗೆ ಹೋಗದ ಪುಟವನ್ನು ಬದಲಿಸಲು ಹೊರಟರೆ, ಬದಲಾಗುವ ಮುಂಚಿನ ಪುಟವನ್ನು ಪಕ್ಕಕ್ಕೆ ತೆಗೆದಿಟ್ಟುಕೊಂಡು ಅದನ್ನೇ ಟೇಪಿಗೆ ಬರೆಯುತ್ತದೆ. ಬರೆದು ಮುಗಿಸಲು ಮೂರು ಗಂಟೆ ಹಿಡಿದರೂ ಟೇಪಿನಲ್ಲಿರುವುದು ಚೆಕ್‌ಪಾಯಿಂಟಿನ ಆ ಒಂದು ಕ್ಷಣದ ಚಿತ್ರ.

ಆದರೆ ಆ ಕ್ಷಣ ಯಾವುದು, ಯಾವ ಫೈಲುಗಳು ಅದರಲ್ಲಿ ಒಟ್ಟಿಗೆ ನಿಲ್ಲಬೇಕು ಎಂಬುದನ್ನು ಯಂತ್ರ ತಾನಾಗಿ ತೀರ್ಮಾನಿಸುವುದಿಲ್ಲ. ಅದಕ್ಕೆ ಮೂರು ಆಯ್ಕೆಗಳಿವೆ. ಎಲ್ಲ ಲೈಬ್ರರಿಗಳೂ ಒಟ್ಟಿಗೆ ಒಂದೇ ಚೆಕ್‌ಪಾಯಿಂಟಿಗೆ ಬರಬೇಕು ಎನ್ನುವುದು ಒಂದು. ಒಂದು ಲೈಬ್ರರಿಯೊಳಗಿನ ಫೈಲುಗಳು ಮಾತ್ರ ಒಟ್ಟಿಗೆ ನಿಂತರೆ ಸಾಕು, ಇನ್ನೊಂದು ಲೈಬ್ರರಿಯ ಕ್ಷಣ ಬೇರೆಯಾಗಬಹುದು ಎನ್ನುವುದು ಎರಡನೆಯದು. ಫೈಲುಗಳು ತಮಗೆ ಅನುಕೂಲವಾದಾಗ ಬೇರೆ ಬೇರೆ ಕ್ಷಣದಲ್ಲಿ ನಿಂತರೂ ಆದೀತು ಎನ್ನುವುದು ಮೂರನೆಯದು. ಕಮಾಂಡಿನಲ್ಲಿ ಇವುಗಳ ವ್ಯತ್ಯಾಸ ಒಂದೇ ಪದ. ಟೇಪಿನಲ್ಲಿ ಅದು ಕಿರ್ದಿಗೂ ಖಾತೆಗೂ ಇರುವ ಹದಿನೈದು ನಿಮಿಷದ ವ್ಯತ್ಯಾಸವಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ರಾಮನ ಖಾತೆಯಿಂದ 5,000 ರೂಪಾಯಿ ತೆಗೆದಾಗಿದೆ, ಭೀಮನ ಖಾತೆಗೆ ಇನ್ನೂ ಸೇರಿಲ್ಲ. ಆಗಲೇ ಚೆಕ್‌ಪಾಯಿಂಟ್ ಬಂದರೆ? ಸರಿಯಾಗಿ ಬರೆದ ಪ್ರೋಗ್ರಾಂ ಎರಡೂ ಕೆಲಸ ಮುಗಿದ ಮೇಲೆ ಕಮಿಟ್ ಮಾಡುತ್ತದೆ, ಅಂದರೆ ವಹಿವಾಟು ಮುಗಿಯಿತು ಎಂದು ಮುದ್ರೆ ಒತ್ತುತ್ತದೆ. ಆ ಮುದ್ರೆ ಬೀಳುವವರೆಗೆ ವ್ಯವಸ್ಥೆ ಕಾಯುತ್ತದೆ. ಸಾಮಾನ್ಯವಾಗಿ 120 ಸೆಕೆಂಡ್ ಕಾಯುತ್ತದೆ, ಬೇಕೆಂದರೆ ಬದಲಿಸಬಹುದು. ಕಾದರೂ ಆಗದಿದ್ದರೆ ಆ ಫೈಲು ಟೇಪಿಗೆ ಸೇರದೆ ಉಳಿಯಬಹುದು ಅಥವಾ ಬ್ಯಾಕಪ್ಪೇ ನಿಂತುಹೋಗಬಹುದು. ಕಾಯದೇ ಅರ್ಧ ವಹಿವಾಟಿನ ಸಮೇತ ಪ್ರತಿ ತೆಗೆಯುವ ಆಯ್ಕೆಯೂ ಇದೆ. ಆದರೆ ಹಾಗೆ ತೆಗೆದ ಫೈಲನ್ನು ಮರಳಿ ತಂದ ಮೇಲೆ, ಪ್ರತಿ ಬದಲಾವಣೆಯನ್ನೂ ಬರೆದಿಟ್ಟ ಜರ್ನಲ್ ಬಳಸಿ ಅರ್ಧದ್ದನ್ನು ಪೂರ್ತಿ ಮಾಡಬೇಕು ಇಲ್ಲವೇ ಅಳಿಸಬೇಕು. ಜರ್ನಲ್ ಕೈಯಲ್ಲಿಲ್ಲದಿದ್ದರೆ ಆ ಪ್ರತಿ ಕೆಲಸಕ್ಕೆ ಬಾರದು.

ನಾಲ್ಕು ತಿಂಗಳ ಹಸಿರು ಗುರುತು

ಕೆಲವು ವರ್ಷಗಳ ಹಿಂದೆ ಔಷಧಗಳ ಸಗಟು ವಿತರಣೆ ಮಾಡುವ ಸಂಸ್ಥೆಯೊಂದರ ಕೆಲಸ ನಮ್ಮ ತಂಡಕ್ಕೆ ಬಂತು. ಅಲ್ಲಿ ರಾತ್ರಿ ಹನ್ನೊಂದರಿಂದ ಎರಡು ಗಂಟೆವರೆಗೆ ಯಂತ್ರ ನಿಲ್ಲಿಸಿ ಬ್ಯಾಕಪ್ ತೆಗೆಯುವ ರೂಢಿಯಿತ್ತು. ಆನ್‌ಲೈನ್ ಆರ್ಡರ್ ಶುರುವಾದ ಮೇಲೆ ಆಡಳಿತದವರು, "ಇನ್ನು ಒಂದು ನಿಮಿಷವೂ ನಿಲ್ಲಿಸುವ ಹಾಗಿಲ್ಲ" ಎಂದರು. ಯಾರೋ ಹಳೆಯ ಕಮಾಂಡಿಗೆ 'ಆ್ಯಕ್ಟಿವ್' ಎಂಬ ಒಂದು ಪದ ಸೇರಿಸಿದರು. ಬ್ಯಾಕಪ್ ಓಡಿತು. ಯಂತ್ರವೂ ನಿಲ್ಲಲಿಲ್ಲ. ಪ್ರತಿದಿನ ಬೆಳಿಗ್ಗೆ ವರದಿಯಲ್ಲಿ ಹಸಿರು ಗುರುತು. ಎಲ್ಲರಿಗೂ ಖುಷಿ.

ಅಲ್ಲೊಬ್ಬ ಹಿರಿಯ ಆಪರೇಟರ್ ಇದ್ದರು, ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದರು. ಟೇಪ್ ಮರಳಿ ಹಾಕಿ ನೋಡದೆ ನಿವೃತ್ತಿಯಾಗುವುದಿಲ್ಲ ಎಂದು ಹಟ ಹಿಡಿದವರು ಅವರೇ. ನಾಲ್ಕು ತಿಂಗಳ ನಂತರ ಒಂದು ಭಾನುವಾರ ಬೇರೆ ಯಂತ್ರದಲ್ಲಿ ಟೇಪ್ ತೆರೆದೆವು. ಎರಡು ವಿಷಯ ಹೊರಬಿದ್ದವು.

ಮೊದಲನೆಯದು, ಮಾರಾಟದ ಲೈಬ್ರರಿಯ ಚೆಕ್‌ಪಾಯಿಂಟ್ ರಾತ್ರಿ 11:04ರದ್ದು, ಸ್ಟಾಕಿನ ಲೈಬ್ರರಿಯದು 11:19ರದ್ದು. ನಡುವೆ ಬಂದ ಆರ್ಡರ್‌ಗಳ ಮಾಲು ಸ್ಟಾಕಿನಿಂದ ಕಡಿಮೆಯಾಗಿತ್ತು, ಅವಕ್ಕೆ ಬಿಲ್ಲೇ ಇರಲಿಲ್ಲ. ಜರ್ನಲ್‌ಗಳು ಮೂಲ ಯಂತ್ರದಲ್ಲಿದ್ದವು, ಆದರೆ ಅವನ್ನು ಟೇಪಿಗೆ ಉಳಿಸುತ್ತಿರಲಿಲ್ಲ.

ಎರಡನೆಯದು ಇನ್ನೂ ಗಂಭೀರ. ಯಾವ ಅಂಗಡಿಗೆ ಯಾವ ಬ್ಯಾಚಿನ ಔಷಧ ಹೋಯಿತು ಎಂದು ಬರೆದಿಡುವ ಫೈಲೇ ಟೇಪಿನಲ್ಲಿರಲಿಲ್ಲ. ರಾತ್ರಿ ಓಡುವ ಬೇರೊಂದು ಕೆಲಸ ಆ ಫೈಲನ್ನು ಯಾರಿಗೂ ಕೊಡದೆ ಪೂರ್ತಿ ತನ್ನ ವಶದಲ್ಲಿ ಇಟ್ಟುಕೊಳ್ಳುತ್ತಿತ್ತು. ಬ್ಯಾಕಪ್ ಎರಡು ನಿಮಿಷ ಕಾದು, ಫೈಲು ಬಿಟ್ಟು ಮುಂದೆ ಹೋಗುತ್ತಿತ್ತು. ಯಂತ್ರ ಮೋಸ ಮಾಡಿರಲಿಲ್ಲ. ಇಷ್ಟು ಫೈಲು ಉಳಿಸಿದ್ದೇನೆ, ಒಂದನ್ನು ಉಳಿಸಲಾಗಲಿಲ್ಲ ಎಂದು ಪ್ರತಿ ರಾತ್ರಿ ಸಂದೇಶ ಬರೆದಿತ್ತು. ಆದರೆ ಬ್ಯಾಕಪ್ ಪ್ರೋಗ್ರಾಂನಲ್ಲಿ, ಎಂಥ ಎಚ್ಚರಿಕೆ ಬಂದರೂ ಲೆಕ್ಕಿಸದೆ ಮುಂದೆ ಹೋಗು ಎಂಬ ಒಂದು ಸಾಲಿತ್ತು. ಅದನ್ನು ಬರೆದವರು ಎಂದೋ ಕೆಲಸ ಬಿಟ್ಟಿದ್ದರು. ಆ ನಾಲ್ಕು ತಿಂಗಳಲ್ಲಿ ಡಿಸ್ಕ್ ಹಾಳಾಗಿ, ಆಮೇಲೆ ಒಂದು ಬ್ಯಾಚಿನ ಔಷಧ ಹಿಂದಕ್ಕೆ ತರಿಸಿ ಎಂಬ ಆದೇಶ ಬಂದಿದ್ದರೆ, ಆ ಮಾತ್ರೆ ಯಾವ ಊರಿನ ಯಾವ ಅಂಗಡಿಯಲ್ಲಿದೆ ಎಂದು ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ.

ಇದು ಒಂದು ಯಂತ್ರದ, ಒಂದು ಸಂಸ್ಥೆಯ ದೋಷವಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ತಡರಾತ್ರಿ ಕೆಲಸ ಮಾಡುತ್ತಿದ್ದ ಇಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಡೇಟಾಬೇಸ್ ಅಳಿಸಿದರು. ಆಗ ತೆರೆದು ನೋಡಿದರೆ ದಿನನಿತ್ಯದ ಬ್ಯಾಕಪ್ ಆವೃತ್ತಿಯ ಹೊಂದಾಣಿಕೆಯಿಲ್ಲದೆ ವಿಫಲವಾಗುತ್ತಿತ್ತು. ವಿಫಲವಾಗಿದೆ ಎಂದು ಹೋಗುತ್ತಿದ್ದ ಇಮೇಲ್‌ಗಳೂ ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಬೇರೆ ಕೆಲಸಕ್ಕೆಂದು ಆರು ಗಂಟೆ ಮುಂಚೆ ತೆಗೆದಿದ್ದ ಪ್ರತಿಯೊಂದು ಅವರನ್ನು ಕಾಪಾಡಿತು. ನಡೆದದ್ದನ್ನು ಕಂಪನಿ ಮುಚ್ಚಿಡದೆ ಪ್ರಕಟಿಸಿದ್ದರಿಂದ ಜಗತ್ತಿಗೆ ಪಾಠವಾಯಿತು. ನಮ್ಮಲ್ಲಿ ಇಂಥವನ್ನು ಹೇಳಿಕೊಳ್ಳುವ ಪದ್ಧತಿ ಕಡಿಮೆ.

ಬ್ಯಾಕಪ್ ಕೆಲಸಕ್ಕೆ ಬಂದ ಉದಾಹರಣೆಯೂ ಇದೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ಸೈಬರ್ ದಾಳಿ ನಡೆದಾಗ ಹೊರರೋಗಿಗಳ ನೋಂದಣಿಯಿಂದ ಹಿಡಿದು ಲ್ಯಾಬ್ ವರದಿವರೆಗೆ ಎಲ್ಲವನ್ನೂ ದಿನಗಟ್ಟಲೆ ಕೈಬರಹದಲ್ಲಿ ನಡೆಸಬೇಕಾಯಿತು. ದಾಳಿಗೆ ಸಿಗದೆ ಉಳಿದಿದ್ದ ಬ್ಯಾಕಪ್ ಸರ್ವರ್ ಒಂದರಿಂದ ಇ-ಹಾಸ್ಪಿಟಲ್ ಮಾಹಿತಿಯನ್ನು ಮರಳಿ ಪಡೆಯಲಾಯಿತು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಪ್ರತಿ ಇದ್ದರೂ, ಮರಳಿ ತರಲು ದಿನಗಳೇ ಬೇಕಾದವು ಎಂಬುದನ್ನೂ ಇದರಲ್ಲಿ ಗಮನಿಸಬೇಕು.

ಕಾನೂನು ಏನು ಕೇಳುತ್ತದೆ?

ಎಲೆಕ್ಟ್ರಾನಿಕ್ ರೂಪದಲ್ಲಿ ಲೆಕ್ಕಪತ್ರ ಇಡುವ ಕಂಪನಿಗಳು ಅದರ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ಇಡಬೇಕು ಎಂಬ ನಿಯಮವಿದೆ. ಮೊದಲು 'ಆಗಾಗ' ಎಂಬರ್ಥದ ಮಾತಿತ್ತು, 2022ರ ಆಗಸ್ಟ್ ತಿದ್ದುಪಡಿಯಲ್ಲಿ ಅದು 'ಪ್ರತಿದಿನ' ಎಂದಾಯಿತು. ಒಳ್ಳೆಯದೇ. ಆದರೆ ಪ್ರತಿದಿನ ಎಂಬ ಪದಕ್ಕೆ ಕಂಪನಿಗಳು ಹಸಿರು ಗುರುತನ್ನು ತೋರಿಸಿ ಸುಮ್ಮನಾಗುತ್ತವೆ. ರಿಸರ್ವ್ ಬ್ಯಾಂಕ್ ಒಂದು ಹೆಜ್ಜೆ ಮುಂದೆ ಹೋಗಿದೆ. 2023ರ ನವೆಂಬರಿನಲ್ಲಿ ಹೊರಡಿಸಿ, 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಐಟಿ ಆಡಳಿತದ ನಿರ್ದೇಶನದಲ್ಲಿ, ಬ್ಯಾಕಪ್ ತೆಗೆದ ಮಾಹಿತಿಯನ್ನು ಕಾಲಕಾಲಕ್ಕೆ ಮರಳಿ ತೆರೆದು ಅದು ಬಳಕೆಗೆ ಬರುತ್ತದೆಯೇ ಎಂದು ನೋಡಬೇಕು ಎಂದಿದೆ. ನಿರ್ಣಾಯಕ ವ್ಯವಸ್ಥೆಗಳಿಗೆ ಕನಿಷ್ಠ ಆರು ತಿಂಗಳಿಗೊಮ್ಮೆ ವಿಪತ್ತು ಚೇತರಿಕೆಯ ಅಭ್ಯಾಸ ನಡೆಸಬೇಕು ಎಂದೂ ಇದೆ. ವಾಣಿಜ್ಯ ಬ್ಯಾಂಕುಗಳಿಗೆ ಹೇಳಿದ ಈ ಮಾತು ಔಷಧ ವಿತರಕರಿಗೆ, ಸಾಗಣೆ ಕಂಪನಿಗೆ, ಆಸ್ಪತ್ರೆಗೆ ಏಕೆ ಬೇಡ? ಕಂಪನಿ ನಿಯಮದ 'ಪ್ರತಿದಿನ'ದ ಪಕ್ಕದಲ್ಲಿ 'ತೆರೆದು ನೋಡಿದ' ಎಂಬ ಮಾತೂ ಸೇರಬೇಕು. ಲೆಕ್ಕ ಪರಿಶೋಧಕರು ಬ್ಯಾಕಪ್ ವರದಿಯ ಬದಲು ರಿಸ್ಟೋರ್ ವರದಿ ಕೇಳಲಿ.

ನಾಲ್ಕೈದು ನಿಮಿಷ ಬಿಟ್ಟುಕೊಡಿ

ಆಡಳಿತ ಮಂಡಳಿಗಳ ಒಂದು ಆಸೆಯನ್ನೂ ಪ್ರಶ್ನಿಸಬೇಕು. ಒಂದು ಸೆಕೆಂಡೂ ನಿಲ್ಲಬಾರದು ಎಂಬುದೇ ಆ ಆಸೆ. ಸೇವ್ ವೈಲ್ ಆ್ಯಕ್ಟಿವ್ ಅನ್ನು ಎರಡು ರೀತಿ ಬಳಸಬಹುದು. ಪೂರ್ತಿ ನಿಲ್ಲಿಸದೇ ನಡೆಸುವುದು ಒಂದು. ಅದಕ್ಕೆ ಎಲ್ಲ ಮುಖ್ಯ ಫೈಲುಗಳಿಗೂ ಜರ್ನಲ್ ಬೇಕು, ಪ್ರೋಗ್ರಾಂಗಳಲ್ಲಿ ಕಮಿಟ್ ಶಿಸ್ತು ಬೇಕು, ಮರಳಿ ತರುವಾಗ ಜರ್ನಲ್ ಬಳಸಲು ಬಲ್ಲವರು ಬೇಕು. ಮೂವತ್ತು ವರ್ಷದ ಹಿಂದೆ ಬರೆದ ಎಷ್ಟೋ ಪ್ರೋಗ್ರಾಂಗಳಲ್ಲಿ ಈ ಶಿಸ್ತು ಇರುವುದಿಲ್ಲ. ಇನ್ನೊಂದು ರೀತಿ, ಚೆಕ್‌ಪಾಯಿಂಟ್ ಸಿಗುವವರೆಗೆ ಮಾತ್ರ ವ್ಯವಹಾರದ ಪ್ರೋಗ್ರಾಂಗಳನ್ನು ನಿಲ್ಲಿಸಿ, ಸಿಕ್ಕಿತು ಎಂಬ ಸಂದೇಶ ಬಂದ ಕೂಡಲೇ ಮತ್ತೆ ಶುರು ಮಾಡುವುದು. ಮೂರು ಗಂಟೆಯ ನಿಲುಗಡೆ ಕೆಲವೇ ನಿಮಿಷಕ್ಕೆ ಇಳಿಯುತ್ತದೆ, ಪ್ರತಿಯೂ ಒಂದೇ ಕ್ಷಣದ್ದಾಗಿರುತ್ತದೆ. ಔಷಧ ಸಂಸ್ಥೆಯವರು ಕೊನೆಗೆ ಒಪ್ಪಿಕೊಂಡದ್ದು ಇದಕ್ಕೇ. ಆ ಭಾನುವಾರದ ವರದಿ ಮೇಜಿನ ಮೇಲಿಟ್ಟಾಗ ನಾಲ್ಕೈದು ನಿಮಿಷ ಯಾರಿಗೂ ಭಾರ ಅನ್ನಿಸಲಿಲ್ಲ.

ಇಷ್ಟಾದರೂ ಯಂತ್ರವನ್ನು ಎಂದೂ ನಿಲ್ಲಿಸದೆ ಇರಲು ಬರುವುದಿಲ್ಲ. ಆಪರೇಟಿಂಗ್ ಸಿಸ್ಟಂ ಸಮೇತ ಇಡೀ ಯಂತ್ರದ ಪ್ರತಿ ಬೇಕಾದರೆ ಎಲ್ಲ ಕೆಲಸ ನಿಲ್ಲಿಸಿಯೇ ತೆಗೆಯಬೇಕು. ಎರಡನೇ ಯಂತ್ರಕ್ಕೆ ಕ್ಷಣಕ್ಷಣಕ್ಕೂ ನಕಲಾಗುತ್ತಿದೆ, ಅದೇ ಸಾಕು ಎನ್ನುವವರಿದ್ದಾರೆ. ಮೂಲದಲ್ಲಿ ತಪ್ಪಾಗಿ ಅಳಿಸಿದ್ದು ನಕಲಿನಲ್ಲೂ ಅಳಿಯುತ್ತದೆ. ಆ ಎರಡನೇ ಯಂತ್ರದಲ್ಲಿ ನಕಲನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಬ್ಯಾಕಪ್ ತೆಗೆಯುವುದು ಒಳ್ಳೆಯ ದಾರಿ. ಆದರೆ ತೆಗೆದ ಪ್ರತಿಗಳಲ್ಲಿ ಒಂದಾದರೂ ನೆಟ್‌ವರ್ಕಿಗೆ ಅಂಟಿಕೊಳ್ಳದೆ ಬೇರೆ ಕಟ್ಟಡದಲ್ಲಿರಬೇಕು.

ಈ ಅಂಕಣ ಓದುವವರಲ್ಲಿ ಐಟಿಯವರೂ ಇದ್ದೀರಿ, ಬ್ಯಾಂಕು, ಆಸ್ಪತ್ರೆ, ಕಾರ್ಖಾನೆ, ಲೆಕ್ಕ ಪರಿಶೋಧನೆಯಲ್ಲಿ ಇರುವವರೂ ಇದ್ದೀರಿ. ಊರಿನ ಸೊಸೈಟಿಯ ಆಡಳಿತ ಮಂಡಳಿಯಲ್ಲಿ ಹೆಸರಿರುವವರೂ ಇರಬಹುದು. ತಂತ್ರಜ್ಞಾನ ಗೊತ್ತಿಲ್ಲದವರೂ ಕೇಳಬಹುದಾದ ನಾಲ್ಕು ಪ್ರಶ್ನೆಗಳಿವೆ. ನಮ್ಮ ಬ್ಯಾಕಪ್ ಎಷ್ಟು ಗಂಟೆ ಎಷ್ಟು ನಿಮಿಷದ ಚಿತ್ರ, ಎಲ್ಲ ಫೈಲುಗಳೂ ಅದೇ ನಿಮಿಷದ್ದೇ? ನಿನ್ನೆ ಉಳಿಯದೇ ಹೋದ ಫೈಲು ಯಾವುದು, ಆ ಸಂದೇಶವನ್ನು ಓದಿದವರು ಯಾರು? ಕೊನೆಯ ಸಲ ಬೇರೆ ಯಂತ್ರದಲ್ಲಿ ಅದನ್ನು ತೆರೆದು ಲೆಕ್ಕ ತಾಳೆ ನೋಡಿದ್ದು ಯಾವ ದಿನಾಂಕ? ಮರಳಿ ತರಲು ಎಷ್ಟು ಗಂಟೆ ಹಿಡಿಯಿತು? ಉತ್ತರ ಕೊಡಲು ತಡವರಿಸಿದರೆ ಆಪರೇಟರನ್ನು ಬೈಯಬೇಡಿ. ಅವರಿಗೆ ಪರೀಕ್ಷೆ ಮಾಡಲು ಒಂದು ಯಂತ್ರವನ್ನೂ ಒಂದು ಭಾನುವಾರವನ್ನೂ ಕೊಟ್ಟಿದ್ದೆವೇ ಎಂದು ಮೊದಲು ನೋಡಿಕೊಳ್ಳಿ.

ಕಾಕಾ ನಿವೃತ್ತರಾಗಿದ್ದಾರೆ. ಹೋಗುವ ಮುಂಚೆ ಬ್ಯಾಕಪ್ ರಿಜಿಸ್ಟರಿನಲ್ಲಿ ಸ್ಕೇಲ್ ಇಟ್ಟು ಹೊಸದೊಂದು ಕಾಲಂ ಎಳೆದಿದ್ದರು: ತೆರೆದು ನೋಡಿದ ದಿನಾಂಕ. ಆ ಕಾಲಂ ಖಾಲಿ ಇರುವ ಟೇಪುಗಳನ್ನು ಈಗ ನಾವು ಬ್ಯಾಕಪ್ ಎಂದು ಲೆಕ್ಕ ಹಿಡಿಯುವುದಿಲ್ಲ.